ಆಸ್ಪತ್ರೆಯ ಇಂಜಿನಿಯರುಗಳು ಏನು ಮಾಡುತ್ತಾರೆ? – ರೋಗಿಗಳಿಗೆ ಹಾಗೂ ಬಂಧುಗಳಿಗೆ ತಿಳಿವಳಿಕೆ



ಆಸ್ಪತ್ರೆಗೆ ಬಂದವರು ವೈದ್ಯರನ್ನು ಗುರುತಿಸುತ್ತಾರೆ. ಎರಡು ದಿನ ಕಳೆಯುವುದರೊಳಗೆ ದಾದಿಯರ ಹೆಸರೂ ತಿಳಿದಿರುತ್ತದೆ. ಕೈಯಲ್ಲಿ ಟೆಸ್ಟರ್, ಸೊಂಟದಲ್ಲಿ ಕೀಲಿಗೊಂಚಲು ಇಟ್ಟುಕೊಂಡು ವಾರ್ಡಿನಿಂದ ವಾರ್ಡಿಗೆ ಓಡಾಡುವವರನ್ನು ಮಾತ್ರ "ಲೈಟಿನವರು" ಎಂದು ಕರೆದು ಸುಮ್ಮನಾಗುತ್ತೇವೆ. ಫ್ಯಾನು ನಿಂತಾಗ, ನಲ್ಲಿ ಸೋರಿದಾಗ ಅವರ ನೆನಪಾಗುತ್ತದೆ. ಆದರೆ ನಿಮ್ಮ ಹಾಸಿಗೆಯ ತಲೆಯ ಕಡೆ ಗೋಡೆಯಲ್ಲಿರುವ ಆಮ್ಲಜನಕದ ಕೊಳವೆ, ಐಸಿಯು ಯಂತ್ರಗಳಿಗೆ ಬರುವ ವಿದ್ಯುತ್, ಡಯಾಲಿಸಿಸ್‌ನ ನೀರು, ಶಸ್ತ್ರಚಿಕಿತ್ಸಾ ಕೊಠಡಿಯ ಗಾಳಿ, ಲಿಫ್ಟ್, ಬೆಂಕಿ ಆರಿಸುವ ವ್ಯವಸ್ಥೆ ಇವೆಲ್ಲವೂ ಅವರ ಹೊಣೆ. ಈ ಕೆಲಸಕ್ಕೆ ಯಾವ ತರಬೇತಿ ಬೇಕು, ಯಾವ ಕಾನೂನುಗಳಿವೆ, ಅದರಲ್ಲಿ ನಿಮ್ಮ ಸಹಕಾರ ಎಲ್ಲಿ ಬೇಕು ಎಂಬುದನ್ನು ಇಲ್ಲಿ ಸರಳವಾಗಿ ತಿಳಿಸಲಾಗಿದೆ.

ಆಮ್ಲಜನಕ: ಲೆಕ್ಕ ತಪ್ಪಬಾರದ ಕೆಲಸ

ಮೊದಲು ಒಂದು ಲೆಕ್ಕ ನೋಡೋಣ. ಗಾಲಿಯ ಮೇಲೆ ತಳ್ಳಿಕೊಂಡು ಬರುವ ಚಿಕ್ಕ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಆಮ್ಲಜನಕ ಇರುತ್ತದೆ. ರೋಗಿಗೆ ನಿಮಿಷಕ್ಕೆ 5 ಲೀಟರ್ ಕೊಟ್ಟರೆ ಅದು 5 ಗಂಟೆ ಬರುತ್ತದೆ. ದೊಡ್ಡ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಇದ್ದು, ಅದೇ ವೇಗದಲ್ಲಿ ಸುಮಾರು 23 ಗಂಟೆ ಬಾಳುತ್ತದೆ. ಆದರೆ ಉಸಿರಾಟ ತೀರ ಕಷ್ಟವಾದ ರೋಗಿಗೆ ನಿಮಿಷಕ್ಕೆ 60 ಲೀಟರ್ ಬೇಕಾದರೆ ಅದೇ ದೊಡ್ಡ ಸಿಲಿಂಡರ್ ಎರಡು ಗಂಟೆಯೊಳಗೆ ಖಾಲಿ. ಆದ್ದರಿಂದಲೇ ದೊಡ್ಡ ಆಸ್ಪತ್ರೆಗಳು ದ್ರವ ಆಮ್ಲಜನಕದ ಟ್ಯಾಂಕ್ ಇಟ್ಟುಕೊಳ್ಳುತ್ತವೆ. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 860 ಲೀಟರ್ ಅನಿಲವಾಗುತ್ತದೆ. ಅದನ್ನು ದ್ರವರೂಪದಲ್ಲಿಡಲು ಶೂನ್ಯಕ್ಕಿಂತ 183 ಡಿಗ್ರಿ ಕೆಳಗಿನ ಚಳಿ ಬೇಕು. ಟ್ಯಾಂಕಿನ ಕೊಳವೆಗಳ ಮೇಲೆ ಹಿಮ ಕಟ್ಟಿರುವುದು ಈ ಕಾರಣಕ್ಕೆ.

ಈ ವ್ಯವಸ್ಥೆಯಲ್ಲಿ ಒಂದು ಕವಾಟ ಕೆಟ್ಟರೆ ಏನಾಗುತ್ತದೆ ಎಂಬುದನ್ನು ದೇಶ 2021ರ ಏಪ್ರಿಲ್ 21ರಂದು ನಾಸಿಕ್‌ನಲ್ಲಿ ಕಂಡಿತು. ಅಲ್ಲಿನ ಆಸ್ಪತ್ರೆಯ ಟ್ಯಾಂಕಿನಿಂದ ಆಮ್ಲಜನಕ ಸೋರಿ, ಒಳಗಿನ ಪೂರೈಕೆಯ ಒತ್ತಡ ಕುಸಿದು, ಅಂದು 22 ರೋಗಿಗಳು ತೀರಿಕೊಂಡರು. ಟ್ಯಾಂಕ್ ಇತ್ತು, ಆಮ್ಲಜನಕವೂ ಇತ್ತು. ಹಾಸಿಗೆಯವರೆಗೆ ತಲುಪಲಿಲ್ಲ, ಅಷ್ಟೇ. ಅದೇ ವರ್ಷ ದೇಶದಾದ್ಯಂತ ಆಸ್ಪತ್ರೆಗಳಲ್ಲಿ ಗಾಳಿಯಿಂದಲೇ ಆಮ್ಲಜನಕ ಬೇರ್ಪಡಿಸುವ ಪಿಎಸ್‌ಎ ಘಟಕಗಳು ದೊಡ್ಡ ಸಂಖ್ಯೆಯಲ್ಲಿ ಬಂದವು. ಜಿಯೋಲೈಟ್ ಎಂಬ ಹರಳು ಗಾಳಿಯ ಸಾರಜನಕವನ್ನು ಹಿಡಿದಿಟ್ಟುಕೊಂಡು ಶೇಕಡ 93ರಷ್ಟು ಶುದ್ಧ ಆಮ್ಲಜನಕವನ್ನು ಹೊರಗೆ ಬಿಡುತ್ತದೆ. ಯಂತ್ರ ಬಂದರೆ ಸಾಲದು. ಸೋಸುವ ಫಿಲ್ಟರ್ ಯಾವಾಗ ಬದಲಿಸಬೇಕು, ಶುದ್ಧತೆ ಇಳಿದರೆ ಯಾವ ಸಾಲಿಗೆ ತಿರುಗಿಸಬೇಕು ಎಂದು ಬಲ್ಲವರು ರಾತ್ರಿ ಪಾಳಿಯಲ್ಲೂ ಇರಬೇಕು.

ಹಾಗಾಗಿ ಅನಿಲ ಕೊಠಡಿಯವರು ಪ್ರತಿ ಪಾಳಿಯಲ್ಲೂ ಒತ್ತಡವನ್ನು ಪುಸ್ತಕದಲ್ಲಿ ಬರೆಯಬೇಕು. ತುಂಬಿದ ಸಿಲಿಂಡರಿನ ಒಳಗೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 140ರಿಂದ 150 ಕಿಲೋ ಒತ್ತಡವಿರುತ್ತದೆ. ಅದನ್ನು ವಾರ್ಡಿನ ಕೊಳವೆಗೆ ಸುಮಾರು 4 ಕಿಲೋಗೆ ಇಳಿಸಿ ಬಿಡುತ್ತಾರೆ. ಒಂದು ಸಾಲು ಸಿಲಿಂಡರ್ ಖಾಲಿಯಾದರೆ ಇನ್ನೊಂದು ಸಾಲು ತಾನಾಗಿ ತೆರೆದುಕೊಳ್ಳಬೇಕು, ಗಂಟೆ ಬಾರಿಸಬೇಕು. ಒಂದು ಅನಿಲದ ಸಿಲಿಂಡರನ್ನು ಇನ್ನೊಂದರ ಜಾಗಕ್ಕೆ ತಪ್ಪಿ ಜೋಡಿಸದಂತೆ ಚಿಕ್ಕ ಸಿಲಿಂಡರಿನ ಕವಾಟದಲ್ಲಿ ಬೇರೆ ಬೇರೆ ಜಾಗದಲ್ಲಿ ರಂಧ್ರ ಕೊರೆದಿರುತ್ತಾರೆ. ಆಮ್ಲಜನಕಕ್ಕೆ ಒಂದು ಜೋಡಿ, ಮತ್ತು ಬರಿಸುವ ನೈಟ್ರಸ್ ಆಕ್ಸೈಡಿಗೆ ಇನ್ನೊಂದು ಜೋಡಿ. ಎಂಥ ಅವಸರದಲ್ಲೂ ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಯಾರೋ ಪುಣ್ಯಾತ್ಮರು ಯೋಚಿಸಿ ಮಾಡಿದ ಕೆಲಸ.

ನೀವು ಗಮನಿಸಬೇಕಾದ ಸಂಗತಿ ಒಂದಿದೆ. ಆಮ್ಲಜನಕ ತಾನು ಉರಿಯುವುದಿಲ್ಲ, ಆದರೆ ಉರಿಯುವುದೆಲ್ಲವನ್ನೂ ಹಲವು ಪಟ್ಟು ಜೋರಾಗಿ ಉರಿಸುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಅದು ಶೇಕಡ 21. ಮಾಸ್ಕ್ ಹಾಕಿದ ರೋಗಿಯ ದಿಂಬು, ಹೊದಿಕೆ, ಬಟ್ಟೆಗಳಲ್ಲಿ ಅದಕ್ಕಿಂತ ಹೆಚ್ಚು ಸೇರಿಕೊಂಡಿರುತ್ತದೆ. ಆದ್ದರಿಂದ ಹಾಸಿಗೆಯ ಹತ್ತಿರ ಊದುಬತ್ತಿ, ಕರ್ಪೂರ, ಸೊಳ್ಳೆಬತ್ತಿ ಹಚ್ಚಬೇಡಿ. ಶೌಚಾಲಯಕ್ಕೆ ಹೋಗಿ ಬೀಡಿ ಸೇದುವುದೂ ಬೇಡ. ಎಣ್ಣೆ ಹಚ್ಚಿದ ಕೈಯಿಂದ ಸಿಲಿಂಡರಿನ ಕವಾಟ ಮುಟ್ಟಬೇಡಿ. ರೋಗಿಯ ಒಣಗಿದ ತುಟಿಗೆ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಸವರುವ ಮೊದಲು ದಾದಿಯರನ್ನು ಕೇಳಿ.

ವಿದ್ಯುತ್ತು ಹೋದ ಆ ಹದಿನೈದು ಸೆಕೆಂಡು

ಕರೆಂಟು ಹೋದಾಗ ಜನರೇಟರ್ ತಾನಾಗಿ ಶುರುವಾಗಿ ಹೊರೆ ಹೊರಲು ಹತ್ತು ಹದಿನೈದು ಸೆಕೆಂಡು ಬೇಕು. ಮನೆಯಲ್ಲಿ ಅದು ಏನೂ ಅಲ್ಲ. ವೆಂಟಿಲೇಟರಿನ ಮೇಲಿರುವವರಿಗೆ, ಹೊಟ್ಟೆ ತೆರೆದು ಶಸ್ತ್ರಚಿಕಿತ್ಸೆ ನಡೆಯುತ್ತಿರುವವರಿಗೆ ಅದು ಬಹಳ ದೀರ್ಘ. ಅಲ್ಲಿಗೆಲ್ಲ ಬ್ಯಾಟರಿಯ ಯುಪಿಎಸ್ ನಡುವೆ ನಿಂತು ಆ ಹೊತ್ತನ್ನು ದಾಟಿಸುತ್ತದೆ. ಬ್ಯಾಟರಿ ನಿಜವಾಗಿ ಎಷ್ಟು ಹೊತ್ತು ತಡೆಯುತ್ತದೆಂದು ಹೊರೆ ಕೊಟ್ಟು ನೋಡಿಯೇ ತಿಳಿಯಬೇಕು. ಡಬ್ಬಿಯ ಮೇಲೆ ಬರೆದದ್ದನ್ನು ನಂಬಿ ಕೂರುವಂತಿಲ್ಲ. ಆಗಾಗ ಜನರೇಟರ್ ಸುಮ್ಮನೆ ಓಡಿಸಿ "ಡೀಸೆಲ್ ಹಾಳು ಮಾಡುತ್ತಾರೆ" ಎಂದು ನಿಮಗೆ ಅನ್ನಿಸಿದರೆ, ಅದು ಆ ಪರೀಕ್ಷೆ.

ಇನ್ನೊಂದು ಸೂಕ್ಷ್ಮವಿದೆ. ದೇಹದ ಹೊರಗಿನಿಂದ ತಗಲುವ ವಿದ್ಯುತ್ತು ಸುಮಾರು 100 ಮಿಲಿ ಆಂಪಿಯರ್ ಆದರೆ ಹೃದಯದ ಬಡಿತ ಕೆಡಿಸಬಲ್ಲದು. ಹೃದಯದೊಳಕ್ಕೆ ನೇರವಾಗಿ ತಂತಿ ಅಥವಾ ನಳಿಗೆ ಹಾಕಿರುವ ರೋಗಿಗೆ ಅದರ ಸಾವಿರದ ಒಂದು ಭಾಗ ಸಾಕು. ಕೈಗೆ ಜುಮ್ಮೆನ್ನುವುದೂ ತಿಳಿಯದಷ್ಟು ಸಣ್ಣ ಸೋರಿಕೆ ಅದು. ಆದ್ದರಿಂದ ಐಸಿಯುವಿನ ಅರ್ಥಿಂಗ್ ಅನ್ನು ಅಳೆದು ನೋಡಬೇಕು, ಪ್ರತಿ ಯಂತ್ರದ ಸೋರಿಕೆಯನ್ನು ಬಯೋಮೆಡಿಕಲ್ ಇಂಜಿನಿಯರುಗಳು ಪರೀಕ್ಷಿಸಿ ಚೀಟಿ ಅಂಟಿಸಬೇಕು. ಊರಿನಲ್ಲಿ ಒಳ್ಳೆಯ ಹೆಸರಿರುವ ಎಲೆಕ್ಟ್ರಿಷಿಯನ್ ಆದರೂ ಪರ್ಮಿಟ್ ಇಲ್ಲದೆ ಇಲ್ಲಿ ವೈರಿಂಗ್ ಮುಟ್ಟುವಂತಿಲ್ಲ.

ಮೊಬೈಲ್ ಚಾರ್ಜ್ ಮಾಡಲು ಹಾಸಿಗೆಯ ಪಕ್ಕದ ಯಾವುದೇ ಪ್ಲಗ್ ಕೀಳಬೇಡಿ. ಕಿತ್ತದ್ದು ಔಷಧಿ ಹನಿಸುವ ಪಂಪಿನದೋ, ಕಫ ಎಳೆಯುವ ಯಂತ್ರದ್ದೋ ಆಗಿದ್ದರೆ ಅದರ ಬ್ಯಾಟರಿ ಮುಗಿದ ಮೇಲೆ ಯಂತ್ರ ನಿಲ್ಲುತ್ತದೆ. ಗಂಜಿ ಬಿಸಿ ಮಾಡಲು ಹೀಟರ್, ನೀರಿಗೆ ಕಾಯಿಲ್ ತರುವುದೂ ಬೇಡ. ಬಿಸಿನೀರು ಬೇಕಾದರೆ ದಾದಿಯರಿಗೆ ಹೇಳಿ.

ಬೆಂಕಿ ಮತ್ತು ಹೊಗೆ

2011ರ ಡಿಸೆಂಬರ್ 9ರಂದು ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆಯಲ್ಲಿ ನೆಲಮಾಳಿಗೆಯಲ್ಲಿ ಹತ್ತಿದ ಬೆಂಕಿಯಿಂದ ಸುಮಾರು 90 ಮಂದಿ ಸತ್ತರು. ವಾಹನ ನಿಲ್ಲಿಸಬೇಕಾದ ಜಾಗದಲ್ಲಿ ಉರಿಯುವ ಸಾಮಾನು ತುಂಬಿತ್ತು. ಸತ್ತವರಲ್ಲಿ ಹೆಚ್ಚಿನವರು ಮೇಲಿನ ಮಹಡಿಗಳಲ್ಲಿದ್ದ ರೋಗಿಗಳು. ಬೆಂಕಿ ಅವರನ್ನು ಮುಟ್ಟಲೇ ಇಲ್ಲ. ಹೊಗೆ ಹೋಗಿ ಮುಟ್ಟಿತು. 2021ರ ಜನವರಿ 9ರಂದು ಮಹಾರಾಷ್ಟ್ರದ ಭಂಡಾರಾ ಜಿಲ್ಲಾ ಆಸ್ಪತ್ರೆಯಲ್ಲಿ 10 ಹಸುಗೂಸುಗಳು, 2024ರ ನವೆಂಬರ್ 15ರ ರಾತ್ರಿ ಝಾನ್ಸಿಯ ವೈದ್ಯಕೀಯ ಕಾಲೇಜಿನಲ್ಲಿ ಮತ್ತೆ 10 ಹಸುಗೂಸುಗಳು. ಇವನ್ನು ಬರೆಯಲು ಕೈ ಬರುವುದಿಲ್ಲ. ಆದರೂ ಹೇಳಲೇಬೇಕು, ಏಕೆಂದರೆ ಆಸ್ಪತ್ರೆಯಲ್ಲಿ ಬೆಂಕಿ ಎಂದರೆ ಎದ್ದು ಓಡಲಾರದವರ ನಡುವಿನ ಬೆಂಕಿ.

ಆದ್ದರಿಂದ ಆಸ್ಪತ್ರೆಯ ತೆರವಿನ ಕ್ರಮವೇ ಬೇರೆ. ಸಿನಿಮಾ ಮಂದಿರದಲ್ಲಿ ಎಲ್ಲರನ್ನೂ ಮೆಟ್ಟಿಲಿಗೆ ಕಳಿಸುತ್ತಾರೆ. ಇಲ್ಲಿ ಮೊದಲು ರೋಗಿಯನ್ನು ಹಾಸಿಗೆಯ ಸಮೇತ ಅದೇ ಮಹಡಿಯಲ್ಲಿ ಬೆಂಕಿ ತಡೆಯುವ ಬಾಗಿಲಿನ ಆಚೆಗೆ ತಳ್ಳಿಕೊಂಡು ಹೋಗುತ್ತಾರೆ. ಆ ಬಾಗಿಲು ಹೊಗೆಯನ್ನು ತಡೆದು ಸಮಯ ಕೊಡುತ್ತದೆ. ಮೆಟ್ಟಿಲಿನಲ್ಲಿ ಇಳಿಸುವುದು ಆಮೇಲಿನ ಮಾತು. ಈಗ ಯೋಚಿಸಿ: ಸೆಖೆ ಎಂದು ಆ ಬಾಗಿಲಿಗೆ ಕಲ್ಲು ಕೊಟ್ಟು ತೆರೆದಿಟ್ಟರೆ, ಓಣಿಯ ತುಂಬ ಚಾಪೆ, ಚೀಲ, ಬುತ್ತಿ ಹರಡಿ ಮಲಗಿದರೆ ಹಾಸಿಗೆ ಎಲ್ಲಿಂದ ಹೋಗಬೇಕು? ರಾತ್ರಿ ಹೊತ್ತು ಕಾವಲಿನವರು ನಿಮ್ಮನ್ನು ಎಬ್ಬಿಸಿ ಜಾಗ ಬದಲಿಸಿ ಎಂದರೆ ಬೇಸರಿಸಬೇಡಿ. ದೂರದ ಊರಿನಿಂದ ಬಂದು ಬರೀ ನೆಲದಲ್ಲಿ ಮಲಗುವ ನಿಮ್ಮ ಕಷ್ಟ ಅವರಿಗೂ ಗೊತ್ತು.

ಲೋಹ ಸೆಳೆಯುವ ಕೋಣೆ

ಎಂಆರ್‌ಐ ಯಂತ್ರ ಒಂದು ಬಲವಾದ ಅಯಸ್ಕಾಂತ. ಪರೀಕ್ಷೆ ನಡೆಯದಿದ್ದಾಗಲೂ, ರಾತ್ರಿಯೂ, ರಜೆಯ ದಿನವೂ ಅದರ ಸೆಳೆತ ಇದ್ದೇ ಇರುತ್ತದೆ. 2018ರ ಜನವರಿಯಲ್ಲಿ ಮುಂಬೈಯ ನಾಯರ್ ಆಸ್ಪತ್ರೆಯಲ್ಲಿ ಸಂಬಂಧಿಕರ ಜೊತೆಗೆ ಬಂದಿದ್ದ ಯುವಕರೊಬ್ಬರು ಆಮ್ಲಜನಕದ ಸಿಲಿಂಡರ್ ಹಿಡಿದು ಆ ಕೋಣೆಗೆ ಹೋದರು. ಸಿಲಿಂಡರ್ ಸಮೇತ ಯಂತ್ರ ಅವರನ್ನು ಸೆಳೆದುಕೊಂಡಿತು. ಅವರು ಬದುಕಲಿಲ್ಲ. ಅವರು ರೋಗಿಯಾಗಿರಲಿಲ್ಲ, ನಿಮ್ಮಂತೆಯೇ ಸಹಾಯಕ್ಕೆ ಬಂದವರು. ಆದ್ದರಿಂದ ಯಾರು ಅವಸರ ಮಾಡಿದರೂ ತಂತ್ರಜ್ಞರ ಅನುಮತಿ ಇಲ್ಲದೆ ಆ ಹೊಸ್ತಿಲು ದಾಟಬೇಡಿ. ಕೊರಳಿನ ಕರಡಿಗೆ, ಮಾಂಗಲ್ಯ, ಉಡಿದಾರ, ಕೂದಲಿನ ಪಿನ್ನುಗಳನ್ನು ಮೊದಲೇ ತೆಗೆದು ಮನೆಯವರ ಕೈಗೆ ಕೊಡಿ. ಬೆಳ್ಳಿಯನ್ನು ಅಯಸ್ಕಾಂತ ಸೆಳೆಯುವುದಿಲ್ಲ ನಿಜ. ಆದರೆ ಅದರ ಕೊಂಡಿಯಲ್ಲಿ ಕಬ್ಬಿಣವಿರಬಹುದು, ಲೋಹ ಬಿಸಿಯಾಗಬಹುದು, ಚಿತ್ರವೂ ಕೆಡುತ್ತದೆ. ಲಿಂಗವನ್ನು ಮೈಯಿಂದ ಬೇರೆ ಮಾಡಲು ಮನಸ್ಸಿಲ್ಲದವರು ವಸ್ತ್ರದಲ್ಲಿ ಕಟ್ಟಿಕೊಳ್ಳಬಹುದೇ ಎಂದು ಸಂಕೋಚವಿಲ್ಲದೆ ಮೊದಲೇ ಕೇಳಿ.

ಇಂಜಿನಿಯರು ಮತ್ತೆ ಮತ್ತೆ ಕಲಿಯಬೇಕೇಕೆ?

ಇಪ್ಪತ್ತು ವರ್ಷದ ಹಿಂದೆ ಕಾಲೇಜು ಮುಗಿಸಿದವರು ಅಂದಿನ ಪಾಠದ ಮೇಲೆ ಇಂದು ಆಸ್ಪತ್ರೆ ನಡೆಸಲಾಗದು. ಅವರು ಓದಿದ ನಿಯಮಗಳೇ ಈಗ ಇಲ್ಲ. ಆಸ್ಪತ್ರೆ ತ್ಯಾಜ್ಯದ 1998ರ ನಿಯಮಗಳ ಜಾಗಕ್ಕೆ 2016ರಲ್ಲಿ ಹೊಸವು ಬಂದವು. ಅನಿಲ ಸಿಲಿಂಡರಿನ 2004ರ ನಿಯಮಗಳು ಹೋಗಿ 2016ರವು ಬಂದವು. 2005ರ ರಾಷ್ಟ್ರೀಯ ಕಟ್ಟಡ ಸಂಹಿತೆ 2016ರಲ್ಲಿ ಬದಲಾಯಿತು, ಬೆಂಕಿಯ ಸುರಕ್ಷತೆಯ ಅಧ್ಯಾಯ ಅದರಲ್ಲಿದೆ. ವಿದ್ಯುತ್ ಸುರಕ್ಷತೆಯ 2010ರ ನಿಯಮಾವಳಿಯ ಬದಲಿಗೆ 2023ರದು ಬಂತು. 1923ರ ಬಾಯ್ಲರ್ ಕಾಯ್ದೆ ನೂರು ವರ್ಷ ದಾಟಿ, 2025ರಲ್ಲಿ ಹೊಸ ಕಾಯ್ದೆಗೆ ಜಾಗ ಬಿಟ್ಟಿತು. ಲಿಫ್ಟಿಗೆ ಪರವಾನಗಿ ಬೇಕು, ಎಕ್ಸ್-ರೇ ಯಂತ್ರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಗುಣಮಟ್ಟದ ಎನ್‌ಎಬಿಎಚ್ ಮಾನ್ಯತೆ ಬಯಸುವ ಆಸ್ಪತ್ರೆಗೆ ಕಟ್ಟಡ ಮತ್ತು ಸುರಕ್ಷತೆಯ ಬಗ್ಗೆಯೇ ಪ್ರತ್ಯೇಕ ಅಧ್ಯಾಯವಿದೆ.

ಕಾನೂನು ತರಬೇತಿಯನ್ನು ಕೆಲವೆಡೆ ಸ್ಪಷ್ಟವಾಗಿಯೇ ಕೇಳುತ್ತದೆ. ತ್ಯಾಜ್ಯ ಮುಟ್ಟುವ ಪ್ರತಿಯೊಬ್ಬ ಸಿಬ್ಬಂದಿಗೂ ಕೆಲಸಕ್ಕೆ ಸೇರುವಾಗ ಹಾಗೂ ವರ್ಷಕ್ಕೊಮ್ಮೆ ತರಬೇತಿ, ಹಾಗೆಯೇ ಆರೋಗ್ಯ ತಪಾಸಣೆ, ಕಾಮಾಲೆ ಬಿ ಮತ್ತು ಧನುರ್ವಾಯುವಿನ ಲಸಿಕೆ ಕಡ್ಡಾಯ. ಸಂಸ್ಕರಿಸದ ತ್ಯಾಜ್ಯವನ್ನು 48 ಗಂಟೆ ಮೀರಿ ಇಟ್ಟುಕೊಳ್ಳುವಂತಿಲ್ಲ. ಹಳದಿ ಚೀಲಕ್ಕೆ ರಕ್ತ ಮೆತ್ತಿದ ಹತ್ತಿ, ಕೆಂಪಿಗೆ ನಳಿಗೆಗಳು, ಬಿಳಿಯ ಗಟ್ಟಿ ಡಬ್ಬಿಗೆ ಸೂಜಿ, ನೀಲಿಗೆ ಗಾಜು. ಬಾಳೆಹಣ್ಣಿನ ಸಿಪ್ಪೆ ಇವುಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ.

ಕಾನೂನಿನ ಪುಸ್ತಕಕ್ಕಿಂತ ದೊಡ್ಡ ಗುರು ಬೇರೆ ಕಡೆ ನಡೆದ ದುರಂತ. ಡಯಾಲಿಸಿಸ್ ನೋಡಿ. ನಾಲ್ಕು ಗಂಟೆಯ ಒಂದು ಸರದಿಯಲ್ಲಿ ಸುಮಾರು 120 ಲೀಟರ್ ನೀರು ರೋಗಿಯ ರಕ್ತದ ಪಕ್ಕದಲ್ಲೇ, ತೆಳುವಾದ ಪೊರೆಯ ಆಚೆ ಹರಿಯುತ್ತದೆ. 1996ರಲ್ಲಿ ಬ್ರೆಜಿಲ್‌ನ ಕರುವಾರು ಪಟ್ಟಣದಲ್ಲಿ ಕೆರೆಯ ಪಾಚಿಯ ವಿಷ ಸೇರಿದ ನೀರು ಸರಿಯಾಗಿ ಶುದ್ಧವಾಗದೆ ಡಯಾಲಿಸಿಸ್ ಕೇಂದ್ರಕ್ಕೆ ಬಂದು ಸುಮಾರು ಐವತ್ತು ರೋಗಿಗಳು ಸತ್ತರು. ಅಲ್ಲಿ ವೈದ್ಯರ ಚಿಕಿತ್ಸೆ ತಪ್ಪಿರಲಿಲ್ಲ. ಆದ್ದರಿಂದ ನೀರಿನ ಘಟಕ ನೋಡಿಕೊಳ್ಳುವವರು ಕ್ಲೋರಿನ್ ಪರೀಕ್ಷೆಯನ್ನು ಒಂದು ದಿನವೂ ಬಿಡುವಂತಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಧರ್ಮಾರ್ಥ ಆಸ್ಪತ್ರೆಗೆ ಭಕ್ತರು, ದಾನಿಗಳು ಉದಾರವಾಗಿ ಕೊಡುತ್ತಾರೆ. ವಾರ್ಡಿಗೆ ಕೊಡುತ್ತಾರೆ, ಆಂಬುಲೆನ್ಸಿಗೆ ಕೊಡುತ್ತಾರೆ, ತಾಯಿತಂದೆಯರ ಹೆಸರಿನ ಕಲ್ಲು ಹಾಕಿಸುತ್ತಾರೆ. ಹಳೆಯ ಕೇಬಲ್ ಬದಲಿಸಲು, ತಂತ್ರಜ್ಞರನ್ನು ಒಂದು ವಾರ ತರಬೇತಿಗೆ ಕಳಿಸಲು ದಾನ ಕೊಟ್ಟವರು ಅಪರೂಪ. ಅಲ್ಲಿ ಕಲ್ಲು ಹಾಕಲು ಜಾಗವಿಲ್ಲ. ಖರ್ಚು ಕಡಿಮೆ ಮಾಡಬೇಕಾದಾಗ ಮೊದಲು ಕತ್ತರಿ ಬೀಳುವುದೂ ಈ ಕಡೆಗೇ. ಕಡಿಮೆ ದರದ ಆಸ್ಪತ್ರೆಯಲ್ಲಿ ಕಡಿಮೆ ಸುರಕ್ಷತೆ ಇರಬಹುದು ಎಂದು ಯಾವ ನಿಯಮವೂ ಒಪ್ಪುವುದಿಲ್ಲ.

ನೀವು ಕೇಳಬಹುದಾದದ್ದು

ರೋಗಿಯಾಗಿ, ಬಂಧುವಾಗಿ ನಿಮಗೆ ಕೇಳುವ ಹಕ್ಕಿದೆ. ಖಾಸಗಿ ಆಸ್ಪತ್ರೆ ತನ್ನ ನೋಂದಣಿ ಪ್ರಮಾಣಪತ್ರವನ್ನು ಕಾಣುವಂತೆ ಹಾಕಬೇಕು. ಲಿಫ್ಟಿನ ಒಳಗೆ ಎಷ್ಟು ಜನ ಎಂದು ಬರೆದಿರಬೇಕು. ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಮೇಲೆ ಮತ್ತೆ ತುಂಬಿಸಬೇಕಾದ ದಿನಾಂಕದ ಚೀಟಿ ಇರುತ್ತದೆ, ಒತ್ತಡದ ಮುಳ್ಳು ಇರುವಲ್ಲಿ ಅದು ಹಸಿರು ಭಾಗದಲ್ಲಿರಬೇಕು. ದಿನಾಂಕ ಮೀರಿದ್ದು ಕಂಡರೆ ದಾದಿಯರಿಗೆ ತಿಳಿಸಿ. ಸ್ವಿಚ್ ಬಿಸಿಯಾಗಿದ್ದರೆ, ಸುಟ್ಟ ವಾಸನೆ ಬಂದರೆ, ಗೋಡೆಯ ಆಮ್ಲಜನಕದ ಕೊಳವೆಯಿಂದ ಸುಯ್ಯೆನ್ನುವ ಸದ್ದು ನಿಲ್ಲದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಆ ಹೊತ್ತಿಗೇ ದಾದಿಯರ ಮೇಜಿಗೆ ಹೋಗಿ ವಾರ್ಡಿನ ಹೆಸರು, ಹಾಸಿಗೆಯ ಸಂಖ್ಯೆ ಹೇಳಿ. ಅಲ್ಲಿರುವ ದೂರು ಪುಸ್ತಕದಲ್ಲಿ ಗಂಟೆ ಸಮೇತ ಬರೆಸಿ. ರಾತ್ರಿ ಪಾಳಿಯ ತಂತ್ರಜ್ಞರು ಬಂದು ನೋಡಿ, ಅದರ ಕೆಳಗೆ ಸಹಿ ಹಾಕಬೇಕು.