ಎರಡು ತಲೆ ಹಾವಿಗೆ ಲಕ್ಷಗಟ್ಟಲೆ ಬೆಲೆ: ಲಾಭ ಯಾರಿಗೆ, ನಷ್ಟ ಯಾರಿಗೆ?

ಹೋದ ತಿಂಗಳು ಕುಣಿಗಲ್ ಕಡೆಯ ಒಬ್ಬ ಕೇಳುಗ ವಾಯ್ಸ್ ನೋಟ್ ಕಳಿಸಿದ್ದ. "ಅಣ್ಣಾ, ಹುತ್ರಿದುರ್ಗದ ತಪ್ಪಲಲ್ಲಿ ನಮ್ಮ ಹೊಲ ಇದೆ. ಬದು ಕೆತ್ತುವಾಗ ಎರಡು ತಲೆ ಹಾವು ಸಿಕ್ತು. ಯಾರೋ ಒಬ್ರು ಬಂದು, ಹಿಡಿದಿಟ್ಕೋ, ಲಕ್ಷಗಟ್ಟಲೆ ಕೊಡಿಸ್ತೀನಿ ಅಂತಿದ್ದಾರೆ. ಏನ್ ಮಾಡ್ಲಿ?" ಮನೇಲಿ ಸಾಲ ಇದೆ ಅಂತಾನೂ ಹೇಳಿದ. ಅದಕ್ಕೇ "ತಪ್ಪು, ಬಿಟ್ಬಿಡು" ಅಂತ ಒಂದೇ ಮಾತಲ್ಲಿ ಮುಗಿಸೋಕೆ ಮನಸ್ಸಾಗಲಿಲ್ಲ. ನಾನು ಓದಿರೋದು ಬಿ.ಕಾಂ., ಲೆಕ್ಕ ಹಾಕಿಯೇ ಹೇಳೋಣ ಅನ್ನಿಸ್ತು.

ಮೊದಲು ಹಾವಿನ ವಿಚಾರ. ಇದರ ಇನ್ನೊಂದು ಹೆಸರು ಮಣ್ಣುಮುಕ್ಕ. ಇದಕ್ಕಿರೋದು ಒಂದೇ ತಲೆ. ಬಾಲ ಮೊಂಡಾಗಿ ತಲೆ ಥರಾನೇ ಕಾಣುತ್ತೆ, ಹೆದರಿದಾಗ ತಲೆ ಮುಚ್ಚಿಕೊಂಡು ಬಾಲ ತೋರಿಸುತ್ತೆ. ವಿಷ ಇಲ್ಲ. ಸಡಿಲ ಮಣ್ಣಲ್ಲಿ, ಬಿಲಗಳಲ್ಲಿ ಇದ್ದು ಇಲಿ ತಿಂದು ಬದುಕುತ್ತೆ. ನಿಧಿ ತೋರಿಸುತ್ತೆ, ಅದೃಷ್ಟ ತರುತ್ತೆ, ಕಾಯಿಲೆ ವಾಸಿ ಮಾಡುತ್ತೆ ಅನ್ನೋದೆಲ್ಲ ಕಟ್ಟುಕತೆ.

ಹಾಗಿದ್ರೆ ಲಕ್ಷದ ಬೆಲೆ ಎಲ್ಲಿಂದ ಬಂತು? ಯಾವ ಉಪಯೋಗಕ್ಕೂ ಬಾರದ ವಸ್ತುವಿಗೆ "ಮುಂದಿನವನು ಇನ್ನೂ ಜಾಸ್ತಿ ಕೊಡ್ತಾನೆ" ಅನ್ನೋ ನಂಬಿಕೆಯೇ ಬೆಲೆ. ತೂಕ ಜಾಸ್ತಿ ಆದಷ್ಟೂ ದುಡ್ಡು ಜಾಸ್ತಿ ಅಂತ ಹಾವಿಗೆ ಬಲವಂತವಾಗಿ ತಿನ್ನಿಸೋದೂ ಉಂಟು. ಕೊನೆಗೆ ಸಿಕ್ಕಿಬೀಳೋದು ಹೆಚ್ಚಾಗಿ ಹಾವು ಹಿಡಿದವನು, ಚೀಲ ಹೊತ್ತವನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಇದನ್ನ ಹಿಡಿಯೋದು, ಇಟ್ಕೊಳ್ಳೋದು, ಮಾರೋದು ಎಲ್ಲವೂ ಅಪರಾಧ. ಜೈಲೂ ಆಗುತ್ತೆ.

ಇನ್ನು ಪರಿಸರದ ಲೆಕ್ಕ. ಹುತ್ರಿದುರ್ಗ ಅಂದ್ರೆ ನಮಗೆ ಕೆಂಪೇಗೌಡರ ಕೋಟೆ, ಮೇಲೆ ಶಂಕರೇಶ್ವರ ದೇವಸ್ಥಾನ, ಭಾನುವಾರದ ಟ್ರೆಕ್ಕಿಂಗ್. ಆದ್ರೆ ಆ ಬಂಡೆ, ಕುರುಚಲು ಕಾಡು, ಕೆಳಗಿನ ರಾಗಿ ಹೊಲ ಎಲ್ಲಾ ಒಂದಕ್ಕೊಂದು ಅಂಟಿಕೊಂಡಿವೆ. ಹೊಲದಿಂದ ಹಾವು ಹೋದ್ರೆ ಇಲಿ ಹೆಚ್ಚುತ್ತೆ. ಇಲಿ ಬದುವಲ್ಲಿ ಬಿಲ ತೋಡುತ್ತೆ, ತೆನೆ ಕಡಿಯುತ್ತೆ. ರೈತ ಇಲಿ ಪಾಷಾಣ ತರ್ತಾನೆ. ವಿಷ ತಿಂದ ಇಲೀನ ಗೂಬೆ ತಿನ್ನುತ್ತೆ, ಅದೂ ಸಾಯಬಹುದು. ಆಮೇಲೆ ಇಲಿ ಹಿಡಿಯೋರೇ ಕಮ್ಮಿ. ಹಾವು ಬಿಟ್ಟಿ ಮಾಡ್ತಿದ್ದ ಕೆಲಸಕ್ಕೆ ಪ್ರತಿ ವರ್ಷ ದುಡ್ಡು ಕೊಟ್ಟು ವಿಷ ಕೊಳ್ಳಬೇಕು.

ಅಸಲು, ಬಡ್ಡಿ ಗೊತ್ತಲ್ಲ? ಕಾಡಿನ ಪ್ರಾಣಿಗಳು ಅಸಲು. ಅವು ಮಾಡೋ ಕೆಲಸ ಬಡ್ಡಿ. ಕಳ್ಳಸಾಗಣೆ ಅಸಲನ್ನೇ ಎತ್ತಿಕೊಂಡು ಹೋಗುತ್ತೆ, ಅದು ಮತ್ತೆ ತುಂಬೋದು ನಿಧಾನ.

ನಮ್ಮ ಜಿಲ್ಲೆಯ ಕಾಡುಪಾಪಾನೇ ನೋಡಿ. ತುಮಕೂರು ತಾಲ್ಲೂಕಿನ ನಾಗವಲ್ಲಿ ಇದಕ್ಕೆ ಹೆಸರುವಾಸಿ. ದೊಡ್ಡ ಕಣ್ಣಿನ ಈ ಪುಟ್ಟ ಪ್ರಾಣಿ ರಾತ್ರಿಯೆಲ್ಲ ಹುಳ-ಹುಪ್ಪಟೆ ತಿನ್ನುತ್ತೆ. ಒಂದು ಸಲಕ್ಕೆ ಹಾಕೋದು ಒಂದೋ ಎರಡೋ ಮರಿ. ಮಾಟ-ಮಂತ್ರದ ನಂಬಿಕೆಗೆ ಇದನ್ನೂ ಹಿಡೀತಾರೆ. ಕೊಂಬೆಯಿಂದ ಕೊಂಬೆಗೆ ಜಿಗಿಯೋಕೆ ಬರದ ಪ್ರಾಣಿ ಇದು. ಮರಗಳ ಸಾಲು ಕಡಿದುಹೋದ ಕಡೆ ಖಾಲಿಯಾದ ಜಾಗಕ್ಕೆ ಬೇರೆ ಕಡೆಯಿಂದ ಬಂದು ಸೇರೋದೂ ಕಷ್ಟ.

ನಕ್ಷತ್ರ ಆಮೆ ಕತೆಯೂ ಅದೇ. ಮನೇಲಿ ಸಾಕೋ ಶೋಕಿಗೆ ಅದನ್ನ ವಿದೇಶಕ್ಕೂ ಸಾಗಿಸ್ತಾರೆ. ಅದು ದೊಡ್ಡದಾಗಿ ಮೊಟ್ಟೆ ಇಡೋಕೆ ವರ್ಷಗಟ್ಟಲೆ ಬೇಕು. ಈ ದಂಧೆ ಎಷ್ಟು ಬೆಳೆದಿತ್ತಂದ್ರೆ, 2019ರಲ್ಲಿ ಅದರ ಅಂತರರಾಷ್ಟ್ರೀಯ ವಾಣಿಜ್ಯ ವ್ಯಾಪಾರವನ್ನೇ ನಿಷೇಧಿಸಬೇಕಾಯ್ತು.

ನೀವು ಏನ್ ಮಾಡಬಹುದು? ಇಂಥ ಪ್ರಾಣಿ ಮಾರೋ ವಿಡಿಯೋ ಬಂದ್ರೆ ಫಾರ್ವರ್ಡ್ ಮಾಡ್ಬೇಡಿ, ತಮಾಷೆಗೂ ರೇಟ್ ಕೇಳ್ಬೇಡಿ. ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಹಾವು ಕಂಡ್ರೆ ಅದರ ಪಾಡಿಗೆ ಬಿಟ್ಬಿಡಿ.

ಆ ಹುಡುಗ ಮೊನ್ನೆ ಮತ್ತೆ ಮೆಸೇಜ್ ಮಾಡಿದ್ದ. ಅವತ್ತೇ ಅವನು ಹಾವನ್ನ ಮುಟ್ಟದೆ ಗುದ್ದಲಿ ಎತ್ತಿಕೊಂಡು ಪಕ್ಕಕ್ಕೆ ಹೋದನಂತೆ, ಹಾವು ಬದುವಿನೊಳಗೆ ಹೋಯ್ತಂತೆ. "ಸಾಲ ಹಾಗೇ ಇದೆ ಅಣ್ಣಾ, ಆದ್ರೆ ರಾಗಿ ಚೆನ್ನಾಗಿ ಬಂದಿದೆ" ಅಂದ. ಇಷ್ಟು ಹೇಳಬೇಕಿತ್ತು. ಮುಂದಿನ ವಾರ ಸಿಗೋಣ.