ಹಾಡಿ ಗಳಿಸಿದ್ದು, ಹಂಚಿ ಉಳಿಸಿದ್ದು

ನಿಮಗಿದು ಗೊತ್ತೆ?

ಎಂ.ಎಸ್. ಸುಬ್ಬುಲಕ್ಷ್ಮಿ ಅವರಿಗೆ 1974ರಲ್ಲಿ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ ಸಂದಾಗ, ಅದು ಬಂದದ್ದು ‘ಸಾರ್ವಜನಿಕ ಸೇವೆ’ ವಿಭಾಗದಲ್ಲಿ. ಈ ಪ್ರಶಸ್ತಿ ಪಡೆದ ಮೊದಲ ಭಾರತೀಯ ಸಂಗೀತಗಾರರು ಅವರೇ.

● 1944ರಲ್ಲಿ ಕಸ್ತೂರಬಾ ಗಾಂಧಿ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಸ್ಮಾರಕ ನಿಧಿ ಆರಂಭವಾಯಿತು. ಆ ನಿಧಿಗಾಗಿ ಎಂ.ಎಸ್. ಸಹಾಯಾರ್ಥ ಕಛೇರಿಗಳನ್ನು ನಡೆಸಿಕೊಟ್ಟರು. ಅಲ್ಲಿಂದ ಮುಂದೆ ಇದು ಅವರ ಬದುಕಿನ ರೂಢಿಯೇ ಆಯಿತು.

● ಆಸ್ಪತ್ರೆ, ಶಾಲೆ, ಧಾರ್ಮಿಕ ಹಾಗೂ ಸಾರ್ವಜನಿಕ ಸಂಸ್ಥೆಗಳಿಗಾಗಿ ಅವರು ಹಾಡಿದ ಸಹಾಯಾರ್ಥ ಕಛೇರಿಗಳು 200ಕ್ಕೂ ಹೆಚ್ಚು. ಅವುಗಳಿಂದ ಕೂಡಿಬಂದ ಹಣ 1 ಕೋಟಿ ರೂಪಾಯಿಗೂ ಮಿಗಿಲು. ಪತಿ ಟಿ. ಸದಾಶಿವಂ ಈ ದಾನಕಾರ್ಯದ ಹಿಂದಿನ ಶಕ್ತಿಯಾಗಿದ್ದರು.

● ನಸುಕಿನಲ್ಲಿ ಮನೆಮನೆಗಳಲ್ಲಿ ಕೇಳಿಬರುವ ಅವರ ‘ವೆಂಕಟೇಶ ಸುಪ್ರಭಾತ’ದ ಗೌರವಧನವನ್ನು ತಿರುಪತಿ ತಿರುಮಲ ದೇವಸ್ಥಾನದ ವೇದ ಪಾಠಶಾಲೆಗೆ ಮುಡಿಪಾಗಿಟ್ಟರು.

● ಕನ್ನಡಿಗರಿಗೂ ಅವರ ಋಣವಿದೆ. ಪುರಂದರದಾಸರ ‘ಜಗದೋದ್ಧಾರನ’ ಕೃತಿಯನ್ನು ಕನ್ನಡ ಬಾರದವರ ಕಿವಿಗೂ ಆಪ್ತವಾಗಿಸಿದ ಕಂಠ ಅವರದು.

● 1998ರಲ್ಲಿ ಭಾರತರತ್ನ ಪಡೆದಾಗ, ಆ ಗೌರವಕ್ಕೆ ಪಾತ್ರರಾದ ಮೊದಲ ಸಂಗೀತಗಾರರೂ ಅವರಾದರು.

ನಾಳೆ ಬೆಳಗ್ಗೆ ಸುಪ್ರಭಾತ ಕಿವಿಗೆ ಬಿದ್ದರೆ ಒಂದು ಗಳಿಗೆ ನೆನೆಯಿರಿ: ಆ ದನಿ ದುಡಿದದ್ದು ತನಗಿಂತ ಹೆಚ್ಚಾಗಿ ಪರರಿಗಾಗಿ.