ವಿವಿಧ ವಿನೋದಾವಳಿಯ ನಿರೂಪಕ: ಎಡ್ ಸಲ್ಲಿವನ್ನನ ಇಪ್ಪತ್ತಮೂರು ವರ್ಷಗಳು

೧

ಹಾಡು, ನೃತ್ಯ, ಹಾಸ್ಯ, ದೊಂಬರಾಟ, ಗಾರುಡಿವಿದ್ಯೆ, ನಾಟಕದ ಒಂದು ತುಣುಕು—ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ಕಲಾಪಗಳನ್ನು ಒಂದೇ ರಂಗದ ಮೇಲೆ ಸಾಲಾಗಿ ತೋರಿಸುವ ಪ್ರದರ್ಶನವನ್ನು ವಿವಿಧ ವಿನೋದಾವಳಿಯೆಂದು ಕರೆಯುತ್ತೇವೆ. ಇಂಥ ಪ್ರದರ್ಶನಕ್ಕೆ ಕಥೆಯಿಲ್ಲ. ಆದುದರಿಂದ ಕಥೆಯು ಮಾಡಬೇಕಾದ ಜೋಡಣೆಯ ಕೆಲಸವನ್ನು ಒಬ್ಬ ವ್ಯಕ್ತಿಯು ಮಾಡಬೇಕಾಗುತ್ತದೆ. ಆತನೇ ನಿರೂಪಕನು. ಅವನು ಸ್ವತಃ ಒಳ್ಳೆಯ ಗಾಯಕನೋ ವಿದೂಷಕನೋ ಆಗಿದ್ದ ಪಕ್ಷದಲ್ಲಿ ಅವನ ಖ್ಯಾತಿಗೆ ಕಾರಣವನ್ನು ಬೇರೆಲ್ಲಿಯೂ ಹುಡುಕಬೇಕಾಗಿಲ್ಲ. ಆದರೆ ಹಾಡಲು ಬಾರದ, ಕುಣಿಯಲು ಬಾರದ, ನಗಿಸಲು ಬಾರದ, ಕಲಾವಿದರ ಹೆಸರುಗಳನ್ನು ಹೇಳುವಾಗಲೂ ತಡವರಿಸುತ್ತಿದ್ದ ಒಬ್ಬನು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ೧೯೪೮ರಿಂದ ೧೯೭೧ರವರೆಗೆ, ಭಾನುವಾರದ ಸಂಜೆಗಳಲ್ಲಿ, ಕೋಟಿಗಟ್ಟಲೆ ಜನರನ್ನು ದೂರದರ್ಶನದ ಮುಂದೆ ಕೂರಿಸಿದನು. ಇದು ಹೇಗೆ ಸಾಧ್ಯವಾಯಿತು? ಅಷ್ಟು ದೀರ್ಘಕಾಲ ಅವನ ಕೈಯಲ್ಲಿದ್ದ ಅಧಿಕಾರವಾದರೂ ಎಂಥದು? ಈ ಎರಡು ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

೨

ಎಡ್ ಸಲ್ಲಿವನ್ನನು ೧೯೦೧ರ ಸೆಪ್ಟೆಂಬರ್ ೨೮ರಂದು ನ್ಯೂಯಾರ್ಕ್ ನಗರದಲ್ಲಿ ಹುಟ್ಟಿ, ಅದರ ಸಮೀಪದ ಪೋರ್ಟ್ ಚೆಸ್ಟರ್ ಎಂಬ ಊರಿನಲ್ಲಿ ಬೆಳೆದನು. ಅವನ ಮೊದಲ ವೃತ್ತಿ ಪತ್ರಿಕೋದ್ಯಮ. ಕ್ರೀಡಾವರದಿಗಾರನಾಗಿ ಪ್ರಾರಂಭಿಸಿ, ಮುಂದೆ ಬ್ರಾಡ್‌ವೇ ರಂಗಭೂಮಿಯ ಸಮಾಚಾರವನ್ನು ಬರೆಯುವ ಅಂಕಣಕಾರನಾದನು. ೧೯೩೨ರಿಂದ ‘ಡೈಲಿ ನ್ಯೂಸ್’ ಪತ್ರಿಕೆಯಲ್ಲಿ ಅವನ ಅಂಕಣ ಬರುತ್ತಿದ್ದಿತು. ದೂರದರ್ಶನದಲ್ಲಿ ಪ್ರಖ್ಯಾತನಾದ ಮೇಲೂ ಅವನು ಅದನ್ನು ಬಿಡಲಿಲ್ಲ. ಯಾವ ನಟನು ಏರುತ್ತಿದ್ದಾನೆ, ಯಾವ ಗಾಯಕಿಗೆ ಜನ ಸೇರುತ್ತಿದ್ದಾರೆ ಎಂಬುದನ್ನು ಪ್ರತಿದಿನವೂ ಗಮನಿಸುವುದು ಅವನ ಜೀವನೋಪಾಯವೇ ಆಗಿದ್ದಿತೆಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು.

ಆ ಕಾಲದ ಅಂಕಣಕಾರರು ವಾಡೆವಿಲ್ ನಾಟ್ಯಶಾಲೆಗಳಲ್ಲಿ ಕಲಾವಿದರನ್ನು ಪರಿಚಯಿಸುವ ಕೆಲಸವನ್ನೂ ಮಾಡುತ್ತಿದ್ದರು. ಸಲ್ಲಿವನ್ನನೂ ಅದನ್ನು ಮಾಡಿದನು. ೧೯೪೭ರಲ್ಲಿ ಅವನ ಪತ್ರಿಕೆಯು ನಡೆಸುತ್ತಿದ್ದ ವಾರ್ಷಿಕ ನೃತ್ಯಸ್ಪರ್ಧೆಯನ್ನು ಅವನು ನಿರೂಪಿಸಿದಾಗ, ಸಿ.ಬಿ.ಎಸ್. ಪ್ರಸಾರ ಸಂಸ್ಥೆಯ ವರ್ದಿಂಗ್ಟನ್ ಮೈನರನು ಅವನನ್ನು ಗಮನಿಸಿದನು. ೧೯೪೮ರ ಜೂನ್ ೨೦ರಂದು ‘ಟೋಸ್ಟ್ ಆಫ್ ದ ಟೌನ್’ ಎಂಬ ಹೆಸರಿನಿಂದ ಹೊಸ ಕಾರ್ಯಕ್ರಮವು ಮೊದಲಾಯಿತು. ಅಂದಿನ ರಂಗದ ಮೇಲೆ ಡೀನ್ ಮಾರ್ಟಿನ್ ಮತ್ತು ಜೆರ್ರಿ ಲೂಯಿಸ್ ಎಂಬ ಹಾಸ್ಯಗಾರರ ಜೋಡಿಯೂ, ರಾಜರ್ಸ್ ಮತ್ತು ಹ್ಯಾಮರ್‌ಸ್ಟೈನ್ ಎಂಬ ಗೀತನಾಟಕಕಾರರೂ ಇದ್ದರು. ೧೯೫೫ರಲ್ಲಿ ಕಾರ್ಯಕ್ರಮವು ನಿರೂಪಕನ ಹೆಸರನ್ನೇ ಪಡೆದು ‘ದಿ ಎಡ್ ಸಲ್ಲಿವನ್ ಷೋ’ ಆಯಿತು.

೩

ವಿಮರ್ಶಕರಿಗೆ ಅವನು ಹಿಡಿಸಲಿಲ್ಲ. ಬಿಗಿದ ಭುಜ, ಕಟ್ಟಿದ ಕೈ, ನಗೆಯಿಲ್ಲದ ಮುಖ—ಇವುಗಳನ್ನು ಅಣಕಿಸುವುದೇ ಅನುಕರಣಕಾರರಿಗೆ ಒಂದು ಕಸುಬಾಯಿತು. ಅವನು ಅಂಥವರನ್ನು ತನ್ನ ರಂಗಕ್ಕೇ ಕರೆದು, ತನ್ನ ಎದುರಿನಲ್ಲಿಯೇ ಅಣಕಿಸಲು ಬಿಟ್ಟನು. ಇತರರಲ್ಲಿ ಪ್ರತಿಭೆಯಿರುವವರೆಗೆ ಸಲ್ಲಿವನ್ನನಿಗೆ ಕೆಲಸವಿರುತ್ತದೆಂಬ ಅರ್ಥದಲ್ಲಿ ಹಾಸ್ಯಗಾರ ಫ್ರೆಡ್ ಆಲೆನ್ನನು ಚುಚ್ಚಿದನೆಂದು ಹೇಳುತ್ತಾರೆ. ಮಾತು ಚುಚ್ಚುಮಾತೇ ಆದರೂ ಅದರಲ್ಲಿ ತಥ್ಯವಿದೆ. ಸಲ್ಲಿವನ್ನನ ಕಲೆಯು ಪ್ರದರ್ಶನದ ಕಲೆಯಲ್ಲ, ಆಯ್ಕೆಯ ಕಲೆ. ಅವನು ರಂಗದ ಮೇಲೆ ನಿಂತಿದ್ದರೂ ಸ್ವಭಾವದಲ್ಲಿ ಪತ್ರಿಕೆಯ ಸಂಪಾದಕನಾಗಿಯೇ ಉಳಿದನು.

ಅವನ ಕಾರ್ಯಕ್ರಮದ ರಚನೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ದೊಡ್ಡ ಹೆಸರಿನಿಂದ ಪ್ರಾರಂಭಿಸುವುದು, ಒಳ್ಳೆಯ ಹಾಸ್ಯವೊಂದನ್ನು ಇಡುವುದು, ಮಕ್ಕಳಿಗೆಂದೇ ಏನಾದರೊಂದನ್ನು ಸೇರಿಸುವುದು, ಮನೆಮಂದಿಯೆಲ್ಲ ಕೂಡಿ ನೋಡಲು ಮುಜುಗರವಾಗುವಂಥದನ್ನು ಬಿಡುವುದು—ಇವು ಅವನ ಸೂತ್ರಗಳು. ಭಾನುವಾರ ಮಧ್ಯಾಹ್ನ ಪ್ರೇಕ್ಷಕರ ಸಮಕ್ಷಮದಲ್ಲಿಯೇ ಪೂರ್ಣ ತಾಲೀಮು ನಡೆಯುತ್ತಿದ್ದಿತು. ಆ ಪ್ರೇಕ್ಷಕರು ಎಲ್ಲಿ ನಕ್ಕರು, ಎಲ್ಲಿ ಆಕಳಿಸಿದರು ಎಂಬುದನ್ನು ನೋಡಿ, ಪ್ರಸಾರಕ್ಕೆ ಕೆಲವೇ ಗಂಟೆಗಳಿರುವಾಗ ಅವನು ಕಲಾಪಗಳ ಕ್ರಮವನ್ನು ಬದಲಾಯಿಸುತ್ತಿದ್ದನು, ಕೆಲವನ್ನು ಮೊಟಕುಮಾಡುತ್ತಿದ್ದನು, ಕೆಲವನ್ನು ಕೈಬಿಟ್ಟೇ ಬಿಡುತ್ತಿದ್ದನು. ಕಲಾವಿದರಿಗೆ ಇದು ಕ್ರೂರವೆನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಬಿಡುವಿಲ್ಲದೆ ವಾರವಾರವೂ ಬರುವ ಕಾರ್ಯಕ್ರಮವು ಹಳಸದೆ ಉಳಿಯಲು ಈ ನಿರ್ದಾಕ್ಷಿಣ್ಯವೇ ಮುಖ್ಯ ಕಾರಣವೆಂದು ನಮಗೆ ತೋರುತ್ತದೆ.

ಆಯ್ಕೆಯ ವಿಸ್ತಾರವೂ ಗಮನಾರ್ಹವಾದುದು. ಕೋಲುಗಳ ತುದಿಯಲ್ಲಿ ತಟ್ಟೆಗಳನ್ನು ತಿರುಗಿಸುವವನು ಬಂದ ಅದೇ ರಂಗಕ್ಕೆ ೧೯೫೬ರ ನವೆಂಬರಿನಲ್ಲಿ ಮರಿಯಾ ಕಾಲಸ್ ಬಂದು ‘ಟಾಸ್ಕ’ ಸಂಗೀತನಾಟಕದ ದೃಶ್ಯವೊಂದನ್ನು ಹಾಡಿದಳು. ೧೯೫೮ರಲ್ಲಿ, ಶೀತಲ ಸಮರದ ನಡುವೆಯೇ, ಸೋವಿಯತ್ ದೇಶದ ಮೊಯಿಸೇಯೆವ್ ಜಾನಪದ ನೃತ್ಯತಂಡಕ್ಕೆ ಪೂರ್ತಿ ಒಂದು ಗಂಟೆಯನ್ನು ಬಿಟ್ಟುಕೊಟ್ಟನು. ೧೯೫೬ರ ಮೇ ೨೭ರಂದು ಅಣುಯುದ್ಧದ ಭೀಕರತೆಯನ್ನು ಚಿತ್ರಿಸುವ ‘ಎ ಷಾರ್ಟ್ ವಿಷನ್’ ಎಂಬ ಕಿರುಚಿತ್ರವನ್ನು ತೋರಿಸಿದನು. ಒಪೇರಾವನ್ನು ಬಯಸಿ ಕೂತವನು ದೊಂಬರಾಟವನ್ನೂ, ದೊಂಬರಾಟಕ್ಕೆ ಕಾದ ಹುಡುಗನು ಒಪೇರಾವನ್ನೂ ನೋಡಲೇಬೇಕಾಗಿದ್ದಿತು. ತನಗೆ ಬೇಕಾಗಿಲ್ಲದುದನ್ನೂ ಸ್ವಲ್ಪ ಹೊತ್ತು ಸೈರಿಸಿಕೊಂಡು ನೋಡುವ ಅಭ್ಯಾಸವನ್ನು ಈ ಕಾರ್ಯಕ್ರಮವು ಪ್ರೇಕ್ಷಕರಲ್ಲಿ ಬೆಳೆಸಿತು.

೪

ಆಯ್ಕೆಗಾರನಿಗೆ ಹಟವಿರಬಾರದೆಂಬುದಕ್ಕೆ ಎಲ್ವಿಸ್ ಪ್ರೆಸ್ಲಿಯ ಪ್ರಸಂಗವು ನಿದರ್ಶನವಾಗಿದೆ. ಈ ತರುಣ ಗಾಯಕನ ಅಂಗವಿಕ್ಷೇಪವು ಕುಟುಂಬದ ಕಾರ್ಯಕ್ರಮಕ್ಕೆ ತಕ್ಕುದಲ್ಲವೆಂದು ಸಲ್ಲಿವನ್ನನು ಮೊದಲು ದೂರವಿಟ್ಟಿದ್ದನು. ೧೯೫೬ರ ಜುಲೈ ೧ರಂದು ಎನ್.ಬಿ.ಸಿ. ಸಂಸ್ಥೆಯಲ್ಲಿ ಪ್ರತಿಸ್ಪರ್ಧಿ ಸ್ಟೀವ್ ಆಲೆನ್ನನು ಪ್ರೆಸ್ಲಿಯನ್ನು ಕರೆಸಿದಾಗ ಅಂದಿನ ಪ್ರೇಕ್ಷಕರು ಆ ಕಡೆಗೆ ಹೋದರು. ಕೂಡಲೇ ಸಲ್ಲಿವನ್ನನು ಮೂರು ಪ್ರದರ್ಶನಗಳಿಗೆ ೫೦,೦೦೦ ಡಾಲರ್ ಕೊಟ್ಟು ಪ್ರೆಸ್ಲಿಯನ್ನು ಒಪ್ಪಿಸಿದನು. ಸೆಪ್ಟೆಂಬರ್ ೯ರ ಮೊದಲ ಪ್ರದರ್ಶನವನ್ನು ಸುಮಾರು ೬ ಕೋಟಿ ಜನ ನೋಡಿದರು. ಮೋಟಾರು ಅಪಘಾತದಿಂದ ಚೇತರಿಸಿಕೊಳ್ಳುತ್ತಿದ್ದ ಸಲ್ಲಿವನ್ನನು ಅಂದು ರಂಗದ ಮೇಲಿರಲಿಲ್ಲ; ಅವನ ಸ್ಥಾನದಲ್ಲಿ ನಟ ಚಾರ್ಲ್ಸ್ ಲಾಟನ್ನನು ನಿರೂಪಿಸಿದನು. ೧೯೫೭ರ ಜನವರಿ ೬ರ ಮೂರನೆಯ ಪ್ರದರ್ಶನದಲ್ಲಿ ಗಾಯಕನನ್ನು ಸೊಂಟದಿಂದ ಮೇಲಕ್ಕೆ ಮಾತ್ರ ತೋರಿಸಲಾಯಿತು. ಹೊಸತನ್ನು ಒಳಗೆ ಬಿಡಬೇಕು, ಹಳಬರು ಎದ್ದುಹೋಗಲೂಬಾರದು ಎಂಬ ಇಕ್ಕಟ್ಟನ್ನು ಕ್ಯಾಮೆರಾದ ಮೂಲಕ ಬಗೆಹರಿಸಿದ ಪರಿ ಇದು.

೧೯೬೩ರ ಅಕ್ಟೋಬರಿನಲ್ಲಿ ಲಂಡನ್ನಿನ ವಿಮಾನ ನಿಲ್ದಾಣದಲ್ಲಿ ಬೀಟಲ್ಸ್ ತಂಡಕ್ಕಾಗಿ ನೆರೆದಿದ್ದ ತರುಣರ ಗುಂಪನ್ನು ಅವನು ಕಂಡನು. ಪತ್ರಕರ್ತನ ಕಣ್ಣಿಗೆ ಅಷ್ಟು ಸಾಕಾಯಿತು. ೧೯೬೪ರ ಫೆಬ್ರವರಿ ೯ರಂದು ಅವರು ನ್ಯೂಯಾರ್ಕಿನಲ್ಲಿ ಹಾಡಿದಾಗ ನೋಡಿದವರ ಸಂಖ್ಯೆ ಸುಮಾರು ೭ ಕೋಟಿ ೩೦ ಲಕ್ಷ. ಅಧ್ಯಕ್ಷ ಕೆನಡಿಯ ಹತ್ಯೆಯಾಗಿ ಆಗ ಮೂರು ತಿಂಗಳೂ ಕಳೆದಿರಲಿಲ್ಲ.

೫

ಬಾಗಿಲನ್ನು ಕಾಯುವವನು ತೆರೆಯಲೂ ಬಲ್ಲನು, ಮುಚ್ಚಲೂ ಬಲ್ಲನು. ಸಲ್ಲಿವನ್ನನ ಜೀವನದಲ್ಲಿ ಎರಡೂ ಕಂಡುಬರುತ್ತವೆ.

ಕರಿಯ ಜನಾಂಗದ ಕಲಾವಿದರಿಗೆ ಅವನು ಮೊದಲಿನಿಂದಲೂ ರಂಗವನ್ನು ತೆರೆದಿಟ್ಟನು. ದಕ್ಷಿಣದ ಸಂಸ್ಥಾನಗಳಲ್ಲಿ ವರ್ಣಭೇದವು ಕಾನೂನೇ ಆಗಿದ್ದ ಕಾಲದಲ್ಲಿ ಅವನು ನ್ಯಾಟ್ ಕಿಂಗ್ ಕೋಲ್‌ನ ಕೈಕುಲುಕಿದನು. ಪರ್ಲ್ ಬೇಲಿಯನ್ನು ಆದರದಿಂದ ಅಪ್ಪಿಕೊಂಡನು. ಕಾರ್ಯಕ್ರಮದ ಪೋಷಕರು ಲಿಂಕನ್ ಮತ್ತು ಮರ್ಕ್ಯುರಿ ಮೋಟಾರು ಗಾಡಿಗಳ ತಯಾರಕರು. ದಕ್ಷಿಣದ ಗಾಡಿ ವ್ಯಾಪಾರಿಗಳಿಂದ ಆಕ್ಷೇಪಣೆಗಳು ಬಂದುವು. ಅವನು ಮಣಿಯಲಿಲ್ಲ. ೧೯೬೪ರ ಡಿಸೆಂಬರಿನಲ್ಲಿ ಮೊದಲ ಸಲ ಬಂದ ಸುಪ್ರೀಮ್ಸ್ ತಂಡದ ತರುಣಿಯರು ಮುಂದೆ ಅನೇಕ ಸಲ ಬಂದರು. ಗೌರವದಿಂದ ಬರಮಾಡಿಕೊಳ್ಳಲ್ಪಟ್ಟ ಕರಿಯ ಕಲಾವಿದೆಯನ್ನು ಬಿಳಿಯರ ಮನೆಯ ಹಜಾರದಲ್ಲಿ ವಾರವಾರವೂ ಕಾಣಿಸಿದುದು ಸಣ್ಣ ಕೆಲಸವಲ್ಲ.

ಮತ್ತೊಂದು ಮುಖವೂ ಇದೆ. ೧೯೫೦ರ ಜನವರಿಯಲ್ಲಿ ನರ್ತಕ ಪಾಲ್ ಡ್ರೇಪರನು ಈ ರಂಗದಲ್ಲಿ ಕುಣಿದಾಗ, ಅವನು ಕಮ್ಯೂನಿಸ್ಟರ ಪಕ್ಷಪಾತಿಯೆಂದು ಪ್ರತಿಭಟನೆಗಳೆದ್ದುವು. ವರ್ಣಭೇದದ ವಿಷಯದಲ್ಲಿ ಮಣಿಯದಿದ್ದ ಸಲ್ಲಿವನ್ನನು ಇಲ್ಲಿ ಬೇಗನೆ ಮಣಿದನು. ಪೋಷಕರ ಜಾಹೀರಾತು ಸಂಸ್ಥೆಗೆ ವಿಷಾದವನ್ನು ಬರೆದು ತಿಳಿಸಿದುದಲ್ಲದೆ, ಕಲಾವಿದರ ರಾಜಕೀಯ ನಿಷ್ಠೆಯನ್ನು ಶೋಧಿಸುತ್ತಿದ್ದ ‘ಕೌಂಟರ್‌ಅಟ್ಯಾಕ್’ ಪತ್ರಿಕೆಯವರ ಸಲಹೆಯನ್ನು ಪಡೆಯತೊಡಗಿದನು. ಹೀಗೆ ಎಷ್ಟೋ ಜನಕ್ಕೆ ಅನ್ನವನ್ನು ತಪ್ಪಿಸಿದ ಬಹಿಷ್ಕಾರದ ವ್ಯವಸ್ಥೆಗೆ ಅವನೂ ಕೈಗೂಡಿಸಿದನು. ಆದರೆ ಬಾಗಿಲಿನ ಚಿಲಕವು ಯಾವಾಗಲೂ ಅವನೊಬ್ಬನ ಕೈಯಲ್ಲಿಯೇ ಇರಲಿಲ್ಲ. ೧೯೬೩ರ ಮೇ ತಿಂಗಳಲ್ಲಿ ಬಾಬ್ ಡಿಲನ್ನನು ಹಾಡಬೇಕೆಂದಿದ್ದ ವಿಡಂಬನಗೀತೆಯನ್ನು ಪ್ರಸಾರ ಸಂಸ್ಥೆಯ ಪರಿಶೀಲನಾಧಿಕಾರಿಗಳು ತಡೆದರು. ಗೀತೆಯನ್ನು ಬದಲಿಸಲೊಪ್ಪದೆ ಡಿಲನ್ನನು ಹೊರಟುಹೋದನು.

೬

೧೯೬೭ರ ಡಿಸೆಂಬರಿನಲ್ಲಿ ಕಾರ್ಯಕ್ರಮ ನಡೆಯುತ್ತಿದ್ದ ನಾಟ್ಯಶಾಲೆಗೆ ಸಲ್ಲಿವನ್ನನ ಹೆಸರನ್ನಿಟ್ಟರು. ಆದರೆ ಆ ವೇಳೆಗೆ ಜಾಹೀರಾತುದಾರರ ದೃಷ್ಟಿ ಬದಲಾಗುತ್ತಿದ್ದಿತು. ಎಷ್ಟು ಜನ ನೋಡುತ್ತಾರೆಂಬುದಕ್ಕಿಂತ ಎಂಥವರು ನೋಡುತ್ತಾರೆಂಬುದು ಮುಖ್ಯವಾಯಿತು. ಪಟ್ಟಣದ ಕೊಳ್ಳುವ ಶಕ್ತಿಯುಳ್ಳ ತರುಣರು ಬೇಕಾಗಿದ್ದರು. ಸಲ್ಲಿವನ್ನನ ಪ್ರೇಕ್ಷಕರೋ ಅವನೊಡನೆಯೇ ಮುದುಕರಾಗುತ್ತಿದ್ದರು. ೧೯೭೧ರ ಮಾರ್ಚ್ ೨೮ರಂದು ಕೊನೆಯ ಹೊಸ ಸಂಚಿಕೆಯು ಪ್ರಸಾರವಾಯಿತು. ಸಿ.ಬಿ.ಎಸ್. ಸಂಸ್ಥೆಯು ಅದೇ ವರ್ಷ ಇನ್ನೂ ಹಲವು ಹಳೆಯ ಕಾರ್ಯಕ್ರಮಗಳನ್ನು ನಿಲ್ಲಿಸಿತು. ಸಲ್ಲಿವನ್ನನು ೧೯೭೪ರ ಅಕ್ಟೋಬರ್ ೧೩ರಂದು ನಿಧನನಾದನು.

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ಸಿದ್ಧಪಡುತ್ತವೆ. ಮೊದಲನೆಯದಾಗಿ, ನಿರೂಪಕನ ದೀರ್ಘಾಯುಸ್ಸು ಅವನ ವ್ಯಕ್ತಿತ್ವದ ಸೊಗಸನ್ನೇ ಅವಲಂಬಿಸಿರುವುದಿಲ್ಲ. ತಾನು ಬದಿಗೆ ಸರಿದು ಇತರರನ್ನು ಬೆಳಕಿಗೆ ತರಬಲ್ಲವನು ಆ ಇತರರ ಪೀಳಿಗೆಗಳೆಲ್ಲ ಕಳೆದರೂ ಉಳಿಯಬಲ್ಲನು. ಎರಡನೆಯದಾಗಿ, ಇಡೀ ದೇಶವು ಒಂದೇ ಹೊತ್ತಿನಲ್ಲಿ ಏನನ್ನು ನೋಡಬೇಕೆಂಬುದನ್ನು ಒಬ್ಬನು ನಿರ್ಧರಿಸುವ ವ್ಯವಸ್ಥೆಯು ಆ ಒಬ್ಬನ ಧೈರ್ಯವನ್ನು ಹೇಗೋ ಹಾಗೆಯೇ ಅವನ ಭಯವನ್ನೂ ದೇಶಕ್ಕೆಲ್ಲ ಹಂಚುತ್ತದೆ. ಇಂದು ಪ್ರತಿಯೊಬ್ಬನೂ ತನಗೆ ಬೇಕಾದುದನ್ನು ತಾನೇ ಆರಿಸಿಕೊಂಡು ನೋಡುತ್ತಾನೆ. ಬಾಗಿಲು ಕಾಯುವವನ ಭಯ ಇದರಿಂದ ಬಹುಮಟ್ಟಿಗೆ ತಪ್ಪಿದೆ. ಆದರೆ ಅಜ್ಜನೂ ಮೊಮ್ಮಗಳೂ ಒಂದೇ ಕೋಣೆಯಲ್ಲಿ ಕುಳಿತು, ಒಬ್ಬರಿಗೆ ಪ್ರಿಯವಾದುದನ್ನು ಇನ್ನೊಬ್ಬರು ಹತ್ತು ನಿಮಿಷ ಸಹಿಸಿಕೊಂಡಿರುತ್ತಿದ್ದ ಸಂದರ್ಭವೂ ಅದರೊಡನೆಯೇ ವಿರಳವಾಗಿದೆ. ಪಡೆದುದನ್ನು ಎಣಿಸುವಾಗ ಕಳೆದುದನ್ನೂ ಲೆಕ್ಕಕ್ಕೆ ಹಿಡಿಯಬೇಕು.